ಸರಿ ಐತಿ, ಅಜ್ಜಾ!

ಹತ್ತನೆಯ ತರಗತಿ ಪಾಸಾದ ಮೊಮ್ಮಗಳು ಕಾಮರ್ಸ್ ಓದಿ ನನ್ನಂತೆ ಬ್ಯಾಂಕು ಸೇರಲಿ ಎಂಬುದು ನನ್ನಾಸೆ. ಜಮಖಂಡಿಯ ನಮ್ಮ ಮನೆಯಲ್ಲಿ ಅವಳದು ಒಂದೇ ಹಟ: "ಅಜ್ಜಾ, ನಾ ವಿಮಾನಕ್ಕ ದಾರಿ ಹೇಳಾಕಿ ಆಗ್ತೀನಿ."

ವಿಚಾರಿಸಿದೆ. ವಿಮಾನ ಸಂಚಾರ ನಿಯಂತ್ರಕರಾಗಲು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕೇಳುವುದು ಭೌತಶಾಸ್ತ್ರ, ಗಣಿತ ಇರುವ ಬಿ.ಎಸ್ಸಿ. ಅಥವಾ ಆ ವಿಷಯಗಳನ್ನು ಓದಿದ ಎಂಜಿನಿಯರಿಂಗ್ ಪದವಿ. ವಯೋಮಿತಿ ಸಾಮಾನ್ಯವಾಗಿ 27. ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ, ವೈದ್ಯಕೀಯ ತಪಾಸಣೆ, ಆಮೇಲೆ ತರಬೇತಿ. ನನ್ನ ಬಿ.ಕಾಂ.ಗೆ ಅಲ್ಲಿ ಬಾಗಿಲೇ ಇಲ್ಲ!

"ಅಷ್ಟು ಜವಾಬ್ದಾರಿ ನಿನಗ್ಯಾಕವ್ವಾ?" ಎಂದೆ.

"ನಿಯಂತ್ರಕರು ಹೇಳಿದ್ದನ್ನ ಪೈಲಟ್ ತಿರುಗಿ ಹೇಳ್ಬೇಕು. ತಪ್ಪಿದ್ರ ಅಲ್ಲೇ ತಿದ್ದತಾರ, ಅಜ್ಜಾ."

ನನ್ನ ಕೌಂಟರ್ ನೆನಪಾಯಿತು. ನೋಟು ಎರಡು ಸಲ ಎಣಿಸಿ, "ನೀವೂ ಎಣಿಸ್ರಿ" ಎನ್ನುತ್ತಿದ್ದೆ. ಒಮ್ಮೆ ಅವಸರದಲ್ಲಿ ಮರೆತು, ಐನೂರು ರೂಪಾಯಿ ಕೈಯಿಂದ ತುಂಬಿದ್ದೆ. ಹಣ ಹೋದರೆ ತುಂಬಬಹುದು. ಆಕಾಶದಲ್ಲಿ ಹೋಗುವುದು ಜೀವ. ಆ ಎಚ್ಚರ ಅವಳಿಗೆ ಈಗಲೇ ಗೊತ್ತಿತ್ತು.

ಮರುದಿನ ಕಾಲೇಜಿನ ಅರ್ಜಿಯಲ್ಲಿ 'ವಿಜ್ಞಾನ' ಎಂದು ನಾನೇ ಬರೆದು, ಗಟ್ಟಿಯಾಗಿ ಓದಿದೆ.

"ಸರಿ ಐತಿ, ಅಜ್ಜಾ!" ಎಂದಳು.