ನಾರ್ಫೋಕ್ ದ್ವೀಪದಲ್ಲಿ ಎಂಟು ದಿನ

ಪಟ್ಟಣಗಳ ಹೂದೋಟಗಳಲ್ಲಿಯೂ ಬಂಗಲೆಗಳ ಮುಂದಣ ಕುಂಡಗಳಲ್ಲಿಯೂ, ಛತ್ರಿಯ ಕಡ್ಡಿಗಳಂತೆ ಸುತ್ತಲೂ ಸಮನಾಗಿ ಕೊಂಬೆಗಳನ್ನು ಚಾಚಿ ಅಂತಸ್ತು ಅಂತಸ್ತಾಗಿ ಮೇಲಕ್ಕೇರುವ ಒಂದು ಗಿಡವನ್ನು ವಾಚಕರು ನೋಡಿಯೇ ಇರುವರು. ಕ್ರಿಸ್ಮಸ್ ಗಿಡವೆಂದು ಹೇಳಿ ಅದನ್ನು ಮಾರುತ್ತಾರೆ. ಅದರ ತೌರುಮನೆ ನಾರ್ಫೋಕ್ ದ್ವೀಪ. ಆಸ್ಟ್ರೇಲಿಯಾ ಖಂಡಕ್ಕೆ ಪೂರ್ವದಲ್ಲಿ, ಪೆಸಿಫಿಕ್ ಮಹಾಸಾಗರದ ನಡುವೆ ಇರುವ ಈ ದ್ವೀಪದ ವಿಸ್ತೀರ್ಣ ಸುಮಾರು 35 ಚದರ ಕಿಲೋಮೀಟರು. 2021ರ ಗಣತಿಯಂತೆ ಜನಸಂಖ್ಯೆ 2,188. ಸಿಡ್ನಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನ ಮನೆಗೆ ಹೋಗಿದ್ದಾಗ, ಅವನ ಒತ್ತಾಯದಿಂದ 2023ರ ಜೂನ್ ತಿಂಗಳಲ್ಲಿ ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿ ಎಂಟು ದಿನ ಇದ್ದು ಬಂದೆವು.

ವಿಮಾನದಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಸಿಡ್ನಿಯ ಒಬ್ಬ ವೃದ್ಧ ವರ್ತಕರು; ಸರಸಿಗಳು, ಬಹಳ ಮಾತುಗಾರರು. “ನೋಡಿ, ಎರಡು ಸಾವಿರ ಜನಕ್ಕೆ ಒಂದು ಶಾಸನಸಭೆ ಇತ್ತು, ಮಂತ್ರಿಗಳಿದ್ದರು! ನಮ್ಮ ಬೀದಿಯಲ್ಲಿಯೇ ಅದಕ್ಕಿಂತ ಹೆಚ್ಚು ಮಂದಿ ಇದ್ದೇವೆ. ವರಮಾನ ತೆರಿಗೆಯನ್ನು ಕೊಡದೆ ರಾಜರಂತೆ ಬಾಳಿದರು, ಕಡೆಗೆ ಕೈ ಬರಿದಾದಾಗ ನಮ್ಮ ಮುಂದೆ ಕೈಚಾಚಿದರು” ಎಂದು ನಕ್ಕರು. ಅವರ ಸಂಗಡ ನಾವೂ ನಕ್ಕೆವು. ದ್ವೀಪವನ್ನು ಇನ್ನೂ ಕಣ್ಣಿನಿಂದ ನೋಡಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನೋಡಿದ ಮೇಲೆ ಮೊದಲ ಎರಡು ದಿನ ಬೆರಗಿನಲ್ಲಿಯೇ ಕಳೆದುವು. ಕಡಿದಾದ ಬಂಡೆಗಳ ಮೇಲೆ ಧ್ವಜಸ್ತಂಭಗಳಂತೆ ನಿಂತ ಪೈನ್ ಮರಗಳು. ಕೆಳಗೆ ನೊರೆಗಟ್ಟಿ ಅಪ್ಪಳಿಸುವ ಕಡಲು. ಹಡಗು ದಡಕ್ಕೆ ಬಂದು ನಿಲ್ಲಲು ಬಂದರಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗಿನಿಂದ ದೋಣಿಗಳಲ್ಲಿ ಸಾಮಾನನ್ನು ಇಳಿಸಿ ತರಬೇಕು. ಕಡಲು ಕೆರಳಿದರೆ ಅಂಗಡಿಗಳು ಬರಿದಾಗುತ್ತವೆ. ದನಗಳು ರಸ್ತೆಯಲ್ಲಿ ನಿಶ್ಚಿಂತೆಯಾಗಿ ನಡೆಯುತ್ತವೆ. ಅವುಗಳಿಗೆ ದಾರಿ ಬಿಡತಕ್ಕದ್ದು ಮೋಟಾರಿನವರ ಕರ್ತವ್ಯ. ನಮ್ಮ ಮನೆಯವರಿಗೆ ಇದನ್ನು ಕಂಡು ಊರಿಗೇ ಬಂದಂತಾಯಿತು. ಎದುರಿಗೆ ಬರುವ ಗಾಡಿಯವರೆಲ್ಲರೂ, ಪರಿಚಯವಿರಲಿ ಇಲ್ಲದಿರಲಿ, ಬೆರಳೆತ್ತಿ ವಂದಿಸುತ್ತಾರೆ. ಒಂದೇ ಮನೆತನದ ಹೆಸರುಳ್ಳವರು ಬಹುಮಂದಿ ಇರುವುದರಿಂದ ಟೆಲಿಫೋನ್ ಪುಸ್ತಕದಲ್ಲಿ ಅಡ್ಡಹೆಸರುಗಳನ್ನೂ ಅಚ್ಚು ಮಾಡಿದ್ದಾರೆ!

ಈ ಮನೆತನಗಳ ಕಥೆ ಸ್ವಾರಸ್ಯವಾದುದು. 1789ರಲ್ಲಿ ‘ಬೌಂಟಿ’ ಎಂಬ ಇಂಗ್ಲಿಷ್ ಹಡಗಿನ ನಾವಿಕರು ತಮ್ಮ ನಾಯಕನ ವಿರುದ್ಧ ದಂಗೆಯೆದ್ದರು. ಅವರಲ್ಲಿ ಒಂಬತ್ತು ಮಂದಿ ಟಹೀಟಿಯ ಕೆಲವರು ಸ್ತ್ರೀಪುರುಷರೊಡನೆ ಪಿಟ್‌ಕೇರ್ನ್ ಎಂಬ ನಿರ್ಜನ ದ್ವೀಪದಲ್ಲಿ ಅಡಗಿ ನೆಲಸಿದರು. ಅವರ ಸಂತತಿ ಬೆಳೆದು ಆ ದ್ವೀಪ ಸಾಲದೆ ಹೋದಾಗ 194 ಮಂದಿಯನ್ನು ಹಡಗಿನಲ್ಲಿ ತಂದು 1856ರ ಜೂನ್ 8ರಂದು ನಾರ್ಫೋಕಿನಲ್ಲಿ ಇಳಿಸಿದರು. ಅದಕ್ಕೆ ಹಿಂದಿನ ವರ್ಷದವರೆಗೆ ಅದು ಖೈದಿಗಳನ್ನು ಇಡುತ್ತಿದ್ದ ಘೋರವಾದ ನೆಲೆ. ಆ ಸೆರೆಮನೆಯ ಪಾಳುಗೋಡೆಗಳು ಕಿಂಗ್‌ಸ್ಟನ್ನಿನಲ್ಲಿ ಇಂದಿಗೂ ಇವೆ; ಅವನ್ನು ವರ್ಣಿಸಲು ನಮಗೆ ಮನಸ್ಸಿಲ್ಲ.

ಉಪಾಧ್ಯಾಯರಾಗಿದ್ದ ನಮ್ಮನ್ನು ಹೆಚ್ಚಾಗಿ ಸೆಳೆದದ್ದು ಬೇರೊಂದು ಸಂಗತಿ. ಪಿಟ್‌ಕೇರ್ನಿನಲ್ಲಿದ್ದಾಗ, 1838ರಲ್ಲಿಯೇ, ಈ ಜನರಿಗೆ ಒಂದು ಲಿಖಿತ ಕಟ್ಟಳೆ ಇತ್ತು. ವರ್ಷಕ್ಕೊಮ್ಮೆ ತಮ್ಮ ನ್ಯಾಯಾಧಿಕಾರಿಯನ್ನು ತಾವೇ ಆರಿಸಬೇಕು. ಹದಿನೆಂಟು ತುಂಬಿದ ಸ್ತ್ರೀಯರಿಗೂ ಪುರುಷರಷ್ಟೇ ಮತವುಂಟು. ಮಕ್ಕಳನ್ನು ಶಾಲೆಗೆ ಕಳುಹಿಸತಕ್ಕದ್ದು ಕಡ್ಡಾಯ. ಇಂಗ್ಲೆಂಡಿನ ಸ್ತ್ರೀಯರು ರಾಷ್ಟ್ರದ ಚುನಾವಣೆಯಲ್ಲಿ ಮತ ಹಾಕಲು 1918ರವರೆಗೆ ಕಾಯಬೇಕಾಯಿತು! ಸಣ್ಣ ಊರಿಗೆ ದೊಡ್ಡ ಬುದ್ಧಿ ಬಾರದೆಂಬ ನಮ್ಮ ಎಣಿಕೆ ಇಲ್ಲಿ ಸ್ವಲ್ಪ ಅಲುಗಿತು.

1914ರಿಂದ ದ್ವೀಪವು ಆಸ್ಟ್ರೇಲಿಯಾಕ್ಕೆ ಸೇರಿತು. 1979ರಲ್ಲಿ ಅಲ್ಲಿನ ಸರ್ಕಾರವು ದ್ವೀಪಕ್ಕೆ ಸ್ವಯಮಾಡಳಿತವನ್ನು ಕೊಟ್ಟು ಒಂಬತ್ತು ಸದಸ್ಯರ ಶಾಸನಸಭೆಯನ್ನು ಏರ್ಪಡಿಸಿತು. ಆಸ್ಪತ್ರೆ, ರಸ್ತೆ, ಅಂಚೆ, ಸುಂಕ ಎಲ್ಲವೂ ಆ ಸಭೆಯದು. ವರಮಾನ ತೆರಿಗೆ ಇರಲಿಲ್ಲ; ಅದರಂತೆ ಆಸ್ಟ್ರೇಲಿಯಾದವರಿಗೆ ದೊರೆಯುವ ವೈದ್ಯಸಹಾಯವಾಗಲಿ ವೃದ್ಧಾಪ್ಯ ವೇತನವಾಗಲಿ ಇರಲಿಲ್ಲ. ವರ್ತಕರು ಈ ಉತ್ತರಾರ್ಧವನ್ನು ಹೇಳದೆ ಬಿಟ್ಟಿದ್ದರು. ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ದ್ವೀಪದ ಜೀವನ ಪ್ರವಾಸಿಗಳ ಮೇಲೆ ನಿಂತದ್ದು. ಅವರು ಕಡಮೆಯಾದಂತೆ ಬೊಕ್ಕಸ ಬರಿದಾಯಿತು. 2010ರಲ್ಲಿ ದ್ವೀಪದ ಮುಖ್ಯಮಂತ್ರಿಯೇ, ನೆರವು ದೊರೆತರೆ ತೆರಿಗೆಗೆ ಒಪ್ಪುವೆವೆಂದರು. 2015ರಲ್ಲಿ ಆಸ್ಟ್ರೇಲಿಯಾದ ಪಾರ್ಲಿಮೆಂಟು ಶಾಸನಸಭೆಯನ್ನೇ ರದ್ದುಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ದ್ವೀಪದವರು ತಾವಾಗಿ ಮತ ತೆಗೆದಾಗ, ತಮ್ಮ ಮುಂದಿನ ಆಡಳಿತದ ರೀತಿಯನ್ನು ನಿರ್ಣಯಿಸುವ ಹಕ್ಕು ತಮಗಿರಬೇಕೆಂದು ಶೇಕಡಾ 68 ಮಂದಿ ಹೇಳಿದ್ದರು. ಅದರಿಂದ ಏನೂ ನಿಲ್ಲಲಿಲ್ಲ. ಜೂನ್ ತಿಂಗಳಲ್ಲಿ ಸಭೆ ಮುಚ್ಚಿತು. 2016ರ ಜುಲೈಯಿಂದ ತೆರಿಗೆಯೂ ಬಂದಿತು, ವೈದ್ಯಸಹಾಯವೂ ಬಂದಿತು, ಪುರಸಭೆಯಂಥ ಐವರ ಮಂಡಲಿಯೂ ಬಂದಿತು. ಆ ಮಂಡಲಿಯನ್ನೂ 2021ರಲ್ಲಿ ಹಣದ ತೊಡಕಿನ ನಿಮಿತ್ತ ಅಮಾನತಿನಲ್ಲಿಟ್ಟರು. ನಾವು ಹೋದಾಗ ಆಡಳಿತ ನಡೆಸುತ್ತಿದ್ದುದು ಮೇಲಿನಿಂದ ನಿಯುಕ್ತರಾದ ಒಬ್ಬ ಅಧಿಕಾರಿ.

ನಾವಿಳಿದುಕೊಂಡಿದ್ದ ಮನೆಯ ಯಜಮಾನಿಯು ಎಪ್ಪತ್ತು ದಾಟಿದವರು, ಬೌಂಟಿಯ ನಾವಿಕರ ವಂಶದವರು. ಮೊಮ್ಮಗನೊಡನೆ ಹಳೆಯ ಇಂಗ್ಲಿಷೂ ಟಹೀಟಿ ನುಡಿಯೂ ಬೆರೆತ ತಮ್ಮ ಭಾಷೆಯಲ್ಲಿ ಮಾತನಾಡುವರು. ನಮ್ಮ ಕಡೆ ತಿರುಗಿದ ಕೂಡಲೆ ಶುದ್ಧವಾದ ಇಂಗ್ಲಿಷು. ವೃದ್ಧಾಪ್ಯ ವೇತನ ಬಂದದ್ದು ಒಳ್ಳೆಯದಲ್ಲವೇ ಎಂದು ಕೇಳಿದೆವು. “ಒಳ್ಳೆಯದೇ. ನಾನೂ ತೆಗೆದುಕೊಳ್ಳುತ್ತೇನೆ. ನನ್ನ ಅಳಿಯ ಆ ಕಡೆಯಿಂದ ಬಂದವನು. ಈ ಬದಲಾವಣೆಯಿಂದ ಅವನಿಗೆ ಸಂತೋಷವೇ. ಈ ಮಾತಿನಲ್ಲಿ ನಮ್ಮ ಮನೆಯೇ ಎರಡಾಗಿದೆ. ಆದರೆ ಕೇಳಿ: ನಮಗೆ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಾಯಿದೆಯನ್ನು ಹಚ್ಚಿದರು, ಆ ಪ್ರಾಂತದ ಚುನಾವಣೆಯಲ್ಲಿ ನಮಗೆ ಮತವಿಲ್ಲ. 2022ರಿಂದ ಶಾಲೆ ಆಸ್ಪತ್ರೆಗಳನ್ನು ಕ್ವೀನ್ಸ್‌ಲೆಂಡಿನವರು ನಡೆಸುತ್ತಾರೆ. ಅಲ್ಲಿಯೂ ನಮಗೆ ಮತವಿಲ್ಲ. ಪಾರ್ಲಿಮೆಂಟಿಗೆ ಮಾತ್ರ ಕ್ಯಾನ್‌ಬೆರಾ ಪಟ್ಟಣದವರ ಸಂಗಡ ಸೇರಿ ಮತ ಹಾಕುತ್ತೇವೆ. ನಮ್ಮ ದನ ರಸ್ತೆಯಲ್ಲಿ ಮೇಯಬಹುದೇ ಎಂಬುದನ್ನು ಯಾರನ್ನು ಕೇಳಲಿ?” ಎಂದರು. ಕೋಪವಿರಲಿಲ್ಲ, ರೊಟ್ಟಿಗೆ ಬೆಣ್ಣೆ ಹಚ್ಚುತ್ತಲೇ ಹೇಳಿದರು.

ಜೂನ್ 8 ಅವರ ಹಬ್ಬದ ದಿನ. ಹಿರಿಯರು ಬಂದಿಳಿದ ದಡದಿಂದ ಹಳೆಯ ಕಾಲದ ಉಡುಪು ತೊಟ್ಟು, ಸ್ಮಶಾನಕ್ಕೆ ಮೆರವಣಿಗೆ ಹೋಗಿ, ಸಮಾಧಿಗಳ ಬಳಿ ಕೀರ್ತನೆಗಳನ್ನು ಹಾಡಿ, ಬಳಿಕ ಕುಟುಂಬಗಳೆಲ್ಲ ಹುಲ್ಲಿನ ಮೇಲೆ ಕುಳಿತು ಊಟಮಾಡುತ್ತಾರೆ. ಅಲ್ಲಿ ಪ್ರವಾಸಿಯೊಬ್ಬ ಮಹಿಳೆ ಕ್ಯಾಮೆರಾವನ್ನು ಇಳಿಸದೆ, “ಎಂಥ ಮುಗ್ಧ ಜನ! ಇವರಿಗೇಕೆ ಈ ರಾಜಕೀಯದ ಗೋಜು? ಹೀಗೆಯೇ ಇದ್ದುಬಿಡಬೇಕು” ಎಂದು ನಮಗೆ ಹೇಳಿದರು. ವರ್ತಕರ ನಗುವಿಗಿಂತ ಈ ಮೆಚ್ಚುಗೆ ನಮಗೆ ಹೆಚ್ಚು ಇರಿಯಿತು. ವರ್ತಕರಾದರೂ ಇವರೊಡನೆ ಜಗಳವಾಡಲು ಸಿದ್ಧರು. ಈಕೆ ಇವರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಬೊಂಬೆಗಳೆಂದು ಎಣಿಸಿದ್ದರು. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವನ್ನೆಲ್ಲ ತಿಳಿಯುವ ಸ್ಥಾಲೀಪುಲಾಕನ್ಯಾಯವು ಅಡಿಗೆಯ ಮನೆಗೆ ಸಲ್ಲುವುದೇ ಹೊರತು, ಎಂಟು ದಿನದ ಅತಿಥಿಗಳು ಒಂದು ಜನಾಂಗದ ವಿಷಯದಲ್ಲಿ ತೀರ್ಪು ಕೊಡುವುದಕ್ಕೆ ಸಲ್ಲದು. ಇದು ನಮಗೂ ಅನ್ವಯಿಸುತ್ತದೆ.

ಆ ಸಂಜೆ ಶಾಸನಸಭೆ ಸೇರುತ್ತಿದ್ದ ಹಳೆಯ ದಂಡಿನ ಕಟ್ಟಡದ ಮುಂದೆ ಕುಳಿತಿದ್ದೆವು. 2016ರಲ್ಲಿ ಈ ಅಂಗಳದಲ್ಲಿಯೇ ದ್ವೀಪದವರು ಡೇರೆ ಹಾಕಿ, ಎತ್ತಿದ ಕೈಗಳ ಆಕಾರದ ಹಸುರು ಹಲಗೆಗಳನ್ನು ನೆಲದಲ್ಲಿ ನೆಟ್ಟು ಪ್ರತಿಭಟಿಸಿದ್ದರು. ಅಲ್ಲಿ ನಮಗೆ ನಮ್ಮ ಮಲೆನಾಡಿನ ಹಳ್ಳಿಯ ನೆನಪಾಯಿತು. ಕರ್ಣಾಟಕದಲ್ಲಿ 1987ರಲ್ಲಿ ಮಂಡಲ ಪಂಚಾಯಿತಿಗಳ ಚುನಾವಣೆ ನಡೆದ ಎರಡು ವರ್ಷಕ್ಕೆ ನಾವು ಉಪಾಧ್ಯಾಯ ವೃತ್ತಿಗೆ ಸೇರಿದೆವು. ಒಂದು ದಿನ ಮಂಡಲದ ಸದಸ್ಯನೊಬ್ಬ, ಅಡಕೆ ಸುಲಿಯುವ ಕೂಲಿಯವನು, ಶಾಲೆಗೆ ಬಂದು ಹಾಜರಿ ಪುಸ್ತಕವನ್ನು ತೋರಿಸಿರೆಂದು ಕೇಳಿದನು. ನಾವು ಉಪಾಧ್ಯಾಯರೆಲ್ಲ ಸೇರಿ, ಓದಲು ಬಾರದವನಿಗೆ ಪುಸ್ತಕವೇಕೆಂದು ನಗುತ್ತ ಕಳುಹಿಸಿಬಿಟ್ಟೆವು. 1992ರಲ್ಲಿ ಮಂಡಲಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದಾಗ, ಪೀಡೆ ಕಳೆಯಿತೆಂದು ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಆಮೇಲೆ ಎರಡು ಮಳೆಗಾಲ ಶಾಲೆಯ ಮಾಡು ಸೋರಿತು. ಯಾರಿಗೆ ಹೇಳಬೇಕೆಂಬುದೇ ನಮಗೆ ತಿಳಿಯಲಿಲ್ಲ. ಆ ಸದಸ್ಯನ ಮೂವರು ಮಕ್ಕಳು ಅದೇ ಮಾಡಿನ ಕೆಳಗೆ ಕುಳಿತಿದ್ದರೆಂಬುದು ಆ ದಿನ ನಮಗೆ ಹೊಳೆದಿರಲಿಲ್ಲ. ಅವನು ತೀರಿಕೊಂಡು ಬಹಳ ವರ್ಷಗಳಾದುವು.

ಹೊರಡುವ ಬೆಳಗ್ಗೆ ಯಜಮಾನಿಯು, “ನಿಮ್ಮ ಊರಿನಲ್ಲಿ ರಸ್ತೆ ಎಲ್ಲಿ ಹೋಗಬೇಕೆಂದು ಯಾರು ಗೊತ್ತುಮಾಡುತ್ತಾರೆ?” ಎಂದು ಕೇಳಿದರು. ಗ್ರಾಮ ಪಂಚಾಯಿತಿ, ಅದರ ಚುನಾವಣೆ, ಊರವರೆಲ್ಲರೂ ಬಂದು ಮಾತನಾಡಬಹುದಾದ ಗ್ರಾಮಸಭೆ ಇವುಗಳನ್ನು ನಾವು ಸ್ವಲ್ಪ ಜಂಬದಿಂದಲೇ ವಿವರಿಸಿದೆವು. ಎಷ್ಟು ಜನವೆಂದರು. ನಾಲ್ಕು ಸಾವಿರಕ್ಕೆ ಕೊಂಚ ಕಡಮೆ ಎಂದೆವು. “ನಮ್ಮದರ ಎರಡರಷ್ಟೂ ಇಲ್ಲ!” ಎಂದು ನಕ್ಕು, “ಆ ಸಭೆಯಲ್ಲಿ ನೀವು ಏನು ಮಾತನಾಡುತ್ತೀರಿ?” ಎಂದರು.

ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ನಿವೃತ್ತರಾದ ಮೇಲೆ ಒಂದು ಸಲವೂ ನಾವು ಆ ಸಭೆಗೆ ಹೋಗಿರಲಿಲ್ಲ. ಹೊರಗೆ ಗಾಡಿ ಬಂದು ನಿಂತಿತ್ತು, ಪೆಟ್ಟಿಗೆಗಳನ್ನು ಎತ್ತಿಕೊಂಡೆವು.