ಕಿಸೆಯೊಳಗಿನ ಗಣಕಯಂತ್ರ

ನಗಬೇಡಿ, ಮಿತ್ರರೇ! ನನ್ನ ಗಣಕಯಂತ್ರವಿರುವುದು ಅಂಗಿಯ ಕಿಸೆಯಲ್ಲಿ. ಅಪ್ಪ, ಅವ್ವ ಮೂಡಿಗೆರೆಯ ಬಳಿಯ ಕಾಫಿತೋಟದಲ್ಲಿ ಕೂಲಿಯವರು. ನಮ್ಮ ಮನೆತನದಲ್ಲಿ ಬಿ.ಎ. ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಗಣಕ ಕೊಳ್ಳುವ ಮಾತು ದೂರವೇ ಉಳಿಯಿತು. ತೋಟದ ರೈಟರು ಡಿಸ್ಕ್ ಕೆಟ್ಟಿತೆಂದು ಮೂಲೆಗಿಟ್ಟಿದ್ದ ಲ್ಯಾಪ್‌ಟಾಪನ್ನು ಬಳಸಲು ಕೊಟ್ಟರು. ಅದಕ್ಕೆ ಜೀವ ತುಂಬಿದ್ದು 16 ಜಿಬಿಯ ಪೆನ್‌ಡ್ರೈವಿನೊಳಗಿನ ಲಿನಕ್ಸ್.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಲಿನಕ್ಸಿಗೆ ಬೆಲೆ ತೆರಬೇಕಾಗಿಲ್ಲ. ಕ್ರಮವೂ ಸುಲಭ. ಸ್ನೇಹಿತನ ಗಣಕದಲ್ಲಿ ಉಬುಂಟುವಿನ ಐಎಸ್‌ಒ ಕಡತವನ್ನು ಇಳಿಸಿಕೊಂಡೆ. ರೂಫಸ್ ಎಂಬ ತಂತ್ರಾಂಶದಲ್ಲಿ ಆ ಕಡತವನ್ನೂ ಪೆನ್‌ಡ್ರೈವನ್ನೂ ತೋರಿಸಿ 'ಸ್ಟಾರ್ಟ್' ಒತ್ತಿದೆ. ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದು, ಎಚ್ಚರ! ಬಳಿಕ ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯಂತ್ರ ಏಳುವಾಗ ಎಫ್12 ಒತ್ತಿ, ಪೆನ್‌ಡ್ರೈವಿನ ಹೆಸರನ್ನು ಆಯ್ದೆ. ಕೆಲವು ಯಂತ್ರಗಳಲ್ಲಿ ಕೀಲಿ ಬೇರೆ.

ರಾತ್ರಿಯೆಲ್ಲ ಕುಳಿತು ಕನ್ನಡದಲ್ಲಿ ಪ್ರಬಂಧ ಬರೆದು ಉಳಿಸಿದೆ. ಬೆಳಗ್ಗೆ ನೋಡಿದರೆ ಒಂದಕ್ಷರವೂ ಇಲ್ಲ! ರೂಫಸಿನಲ್ಲಿ 'ಪರ್ಸಿಸ್ಟೆಂಟ್ ಪಾರ್ಟಿಶನ್'ಗೆ ಜಾಗ ಬಿಡದಿದ್ದರೆ, ಯಂತ್ರ ನಿಂತೊಡನೆ ಎಲ್ಲವೂ ಮರೆತುಹೋಗುವುದಂತೆ. ಮತ್ತೆ ಮೊದಲಿನಿಂದ ಮಾಡಿ 4 ಜಿಬಿ ಬಿಟ್ಟೆ; ಪ್ರಬಂಧವನ್ನೂ ಮತ್ತೆ ಬರೆದೆ.

"ಎಂತದಾ ಅದು?" ಎಂದಳು ಅವ್ವ.

"ನನ್ನ ಓದು, ಅವ್ವಾ."

ಅಂದಿನಿಂದ ರಾತ್ರಿ ಅದಿರುವುದು ರೇಷನ್ ಕಾರ್ಡಿನ ಡಬ್ಬಿಯಲ್ಲಿ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಶೀತ ತಾಕದ ಜಾಗ ಅದೊಂದೇ.