ಎಸ್.ಪಿ. ರಸ್ತೆಯ ಯಂತ್ರವೈದ್ಯರು

ಬೆಂಗಳೂರಿನ ಪುರಭವನದ ಸಮೀಪದಲ್ಲಿ ಎಸ್.ಪಿ. ರಸ್ತೆಯೆಂಬ ಇಕ್ಕಟ್ಟಾದ ಬೀದಿಯೊಂದುಂಟು. ರೇಡಿಯೋ, ಟೆಲಿವಿಷನ್‌ಗಳ ಬಿಡಿಭಾಗಗಳನ್ನು ಅರಸುವವರಿಗೆ ಅದೇ ಕಾಶಿ. ಕಳೆದ ಮಾಗಿಯಲ್ಲಿ ನಾವು ಮನೆಯ ಹಳೆಯ ಟೆಲಿವಿಷನ್ನನ್ನು ಆಟೋರಿಕ್ಷಾದ ಆಸನದಲ್ಲಿ ಕುಳ್ಳಿರಿಸಿ, ನಾವು ಮೂಲೆಯಲ್ಲಿ ಮುದುರಿಕೊಂಡು, ಆ ಬೀದಿಗೆ ಯಾತ್ರೆ ಹೊರಟೆವು.

ಬೆಂಗಳೂರು ದೂರದರ್ಶನವು 1981ರ ನವೆಂಬರ್ 1ರಂದು ಆರಂಭವಾಯಿತು. ಮೂರು ವರ್ಷಗಳ ತರುವಾಯ ನಮ್ಮ ತಂದೆಯವರು ಈ ಪೆಟ್ಟಿಗೆಯನ್ನು ಕೊಂಡರು. ಮರದ ಮೈ, ಕಪ್ಪುಬಿಳುಪಿನ ತೆರೆ, ಅದರ ಮುಂದೆ ಸರಿಯುವ ಬಾಗಿಲು. 1987ರಲ್ಲಿ ರಾಮಾಯಣವು ಬರತೊಡಗಿದಾಗ, ಭಾನುವಾರ ಬೆಳಗ್ಗೆ ಆ ಬಾಗಿಲನ್ನು ತೆರೆಯುವ ಅಧಿಕಾರ ನಮ್ಮ ತಾಯಿಯವರದು. ಕೇರಿಯ ಅರ್ಧ ಜನ ನಮ್ಮ ಹಜಾರದಲ್ಲಿ. ಈಗ ಅವರಿಗೆ 87 ವರ್ಷ. ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮಾತೆದ್ದಾಗ ಅವರು, “ನಾನಿರುವವರೆಗೆ ಇರಲಪ್ಪಾ” ಎಂದಷ್ಟೇ ಅಂದರು. ನಾವು ಗುಂಡಿಯೊತ್ತಿ ನೋಡಿದರೆ, ಭೋರೆಂಬ ಸದ್ದು. ತೆರೆಯ ನಡುವೆ ಒಂದೇ ಒಂದು ಬಿಳಿಯ ಅಡ್ಡಗೆರೆ.

ಮಹಡಿಯ ಮೇಲಿನ ಕಿರುಕೋಣೆಯಲ್ಲಿದ್ದ ರಿಪೇರಿಗಾರರು ನಮಗಿಂತ ಹಿರಿಯರು. ಮೊದಲು ನಮ್ಮನ್ನು ಗದರಿಸಿದರು: “ಇಷ್ಟು ವರ್ಷ ಮಲಗಿದ್ದುದಕ್ಕೆ ಒಮ್ಮೆಲೇ ಕರೆಂಟು ಕೊಡಬಹುದೇ, ಸ್ವಾಮಿ?” ಬಳಿಕ 100 ವ್ಯಾಟಿನ ಹಳೆಯ ಬಲ್ಬೊಂದರ ಮೂಲಕ ವಿದ್ಯುತ್ತನ್ನು ಹಾಯಿಸಿದರು. ಒಳಗೆ ಷಾರ್ಟಾಗಿದ್ದರೆ ಬಲ್ಬು ಪ್ರಖರವಾಗಿ ಉರಿದು ಪೆಟ್ಟಿಗೆಯನ್ನು ಕಾಯುವುದಂತೆ.

ಮುಂದಿನ ಅವರ ಮಾತು ನಮಗೆ ನ್ಯಾಯಶಾಸ್ತ್ರದ ಪಾಠದಂತಿತ್ತು. ಸದ್ದು ಬರುತ್ತಿದೆ, ಆದ್ದರಿಂದ ವಿದ್ಯುತ್ತು ಒದಗುತ್ತಿದೆ. ಗೆರೆ ಬೆಳಗುತ್ತಿದೆ, ಆದ್ದರಿಂದ ಸಾವಿರಾರು ವೋಲ್ಟುಗಳನ್ನು ಹುಟ್ಟಿಸುವ ಭಾಗವೂ ಚಿತ್ರನಳಿಕೆಯೂ ಜೀವಂತ. ಕಿರಣವು 625 ಗೆರೆಗಳಲ್ಲಿ ಚಿತ್ರವನ್ನು ಬರೆಯಬೇಕು. ಅದು ಅಡ್ಡಲಾಗಿ ಓಡುತ್ತಿದೆ, ಮೇಲೆ ಕೆಳಗೆ ಮಾತ್ರ ಚಲಿಸದು. ಎಂದಮೇಲೆ ದೋಷವು ಆ ಚಲನೆಯನ್ನುಂಟುಮಾಡುವ ಭಾಗದಲ್ಲಿಯೇ ಇರತಕ್ಕದ್ದು. ಪರಿಶೇಷಾನುಮಾನವನ್ನು ಇದಕ್ಕಿಂತ ಚೆನ್ನಾಗಿ ನಾವು ಯಾವ ತರಗತಿಯಲ್ಲಿಯೂ ಬೋಧಿಸಿರಲಿಲ್ಲ. ಹೊತ್ತಿಸಿದ ಗೆರೆಯು ತೆರೆಯ ಲೇಪವನ್ನು ಸುಟ್ಟೀತೆಂದು ಅವರು ಹೊಳಪನ್ನು ಕೂಡಲೇ ತಗ್ಗಿಸಿದರು. ಚಿತ್ರನಳಿಕೆಯೇ ಸತ್ತಿದ್ದರೆ ಮದ್ದಿಲ್ಲವೆಂದೂ ಹೇಳಿದರು.

ಕೊನೆಗೆ ಸಿಕ್ಕ ಅಪರಾಧಿಗಳು ಎರಡು: ಒಳಗಿನ ದ್ರವವು ಆರಿದ ಒಂದು ಕೆಪಾಸಿಟರು, ಬಿರುಕುಬಿಟ್ಟ ಒಂದು ಬೆಸುಗೆ. ಕೆಳಗಿನ ಅಂಗಡಿಯಲ್ಲಿ ಹೊಸ ಕೆಪಾಸಿಟರಿಗೆ ಒಂದು ಲೋಟ ಕಾಫಿಯ ಬೆಲೆಯೂ ಆಗಲಿಲ್ಲ.

ಹಳೆಯ ಬಗೆಯ ಪ್ರಸಾರವು ಈಗ ನಮ್ಮಲ್ಲಿ ಬಹುತೇಕ ನಿಂತಿರುವುದರಿಂದ, ಡಿಶ್ಶಿನ ಪೆಟ್ಟಿಗೆಗೂ ಇದಕ್ಕೂ ನಡುವೆ ಮಾಡ್ಯುಲೇಟರೆಂಬ ಚಿಕ್ಕ ದುಭಾಷಿಯನ್ನಿರಿಸಿದೆವು. ಸಂಜೆ ಚಿತ್ರ ಮೂಡಿತು. ತಾಯಿಯವರು ಅರ್ಧ ಗಂಟೆ ನೋಡಿ, ಎದ್ದು, ತಾವೇ ಬಾಗಿಲನ್ನು ಸರಿಸಿ ಮುಚ್ಚಿದರು.

ವಾಚಕರ ಮನೆಯಲ್ಲಿಯೂ ಇಂಥ ಪೆಟ್ಟಿಗೆಯಿದ್ದರೆ ಒಂದು ಮಾತು: ಅವಸರದಿಂದ ಗುಂಡಿಯನ್ನೊತ್ತಬೇಡಿರಿ, ಹಿಂಬದಿಯನ್ನು ಬಿಚ್ಚಲೇಬೇಡಿರಿ. ತಂತಿಯನ್ನು ಕಿತ್ತ ಮೇಲೂ ಚಿತ್ರನಳಿಕೆಯಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಬಲ್ಲವರ ಬಳಿಗೆ ಒಯ್ಯಿರಿ. ಆ ಬಲ್ಲವರು ಈಗ ವಿರಳ. ಇರುವಾಗಲೇ ಒಯ್ಯುವುದು ಲೇಸು.